ಆಕಾಶವಾಣಿಯ ಗೋಪಾಲಸ್ವಾಮಿ

ನರಗುಂದದ ಸೀಮೆಯಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಕೊಣ್ಣೂರು ಎಂಬ ಊರಿದೆ. ಅಲ್ಲಿಯ ಪರಮೇಶ್ವರ ದೇವಾಲಯದಲ್ಲಿ ಪ್ರಾಚೀನವಾದ ಶಿಲಾಶಾಸನವೊಂದು ದೊರೆತಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ತನ್ನ ನಚ್ಚಿನ ಬಂಕೇಶನ ಬಿನ್ನಹದಂತೆ ಅಲ್ಲಿನ ಬಸದಿಗೆ ಶಕವರ್ಷ 782ರಲ್ಲಿ, ಎಂದರೆ ಕ್ರಿ. ಶ. 860ರಲ್ಲಿ, ನೀಡಿದ ದಾನವನ್ನು ಅದು ತಿಳಿಸುತ್ತದೆ. ಕಲ್ಲಿನ ಮೇಲೆ ಬರೆದ ಮಾತು ನೂರಾರು ವರ್ಷ ಬಾಳುತ್ತದೆ. ಆದರೆ ಇದ್ದ ಸ್ಥಳವನ್ನು ಬಿಟ್ಟು ಅದು ಕದಲದು. ಓದುವವನೇ ಅದರ ಬಳಿಗೆ ನಡೆದು ಬರಬೇಕು. ಮಾತು ತಾನಾಗಿಯೇ ಹೊರಟು ಮನೆಮನೆಯ ಬಾಗಿಲಿಗೆ ಹೋಗುವಂತಾದರೆ ಎಷ್ಟು ಚೆನ್ನ ಎಂಬ ಆಸೆ ಮನುಷ್ಯನಿಗೆ ಬಹುಕಾಲದಿಂದಲೂ ಇದ್ದಿತು. ಪುರಾಣಗಳಲ್ಲಿ ಬರುವ ಅಶರೀರವಾಣಿಯ ಕಲ್ಪನೆಯಲ್ಲಿಯೂ ಈ ಆಸೆಯೇ ಅಡಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಬಾನುಲಿಯು ಈ ಆಸೆಯನ್ನು ನನಸಾಗಿಸಿತು. ಕನ್ನಡನಾಡಿನಲ್ಲಿ ಬಾನುಲಿಯ ಬೀಜವನ್ನು ಬಿತ್ತಿ, ಅದಕ್ಕೆ ತಮ್ಮ ಮನೆಯನ್ನೇ ಪಾತಿಯನ್ನಾಗಿ ಮಾಡಿಕೊಟ್ಟ ಮಹನೀಯರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು.

ಗೋಪಾಲಸ್ವಾಮಿಯವರು ಜನಿಸಿದ್ದು 1896ರಲ್ಲಿ. ಅವರು ಯಂತ್ರಶಾಸ್ತ್ರವನ್ನು ಕಲಿತ ಎಂಜಿನಿಯರರಲ್ಲ; ಮನುಷ್ಯನ ಮನಸ್ಸನ್ನು ಅಭ್ಯಾಸ ಮಾಡಿದ ವಿದ್ವಾಂಸರು. ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿ, ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಸಿದ್ಧ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಬುದ್ಧಿಶಕ್ತಿಯನ್ನು ಅಳೆಯುವ ಬಗೆ ಹೇಗೆ ಎಂಬುದು ಸ್ಪಿಯರ್‌ಮನ್ನರ ಮುಖ್ಯ ವಿಚಾರವಾಗಿತ್ತು. ಗೋಪಾಲಸ್ವಾಮಿಯವರು ಬುದ್ಧಿಶಕ್ತಿಗೂ ಕೈಕೆಲಸದ ಕಲಿಕೆಗೂ ಇರುವ ಸಂಬಂಧವನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ಇದಕ್ಕಾಗಿ ಅವರು ಬಳಸಿಕೊಂಡದ್ದು ಕನ್ನಡಿಚಿತ್ರಣದ ವಿಧಾನ. ಅದರಲ್ಲಿ ಪ್ರಯೋಗಕ್ಕೆ ಕುಳಿತವನು ತನ್ನ ಕೈಯನ್ನು ನೇರವಾಗಿ ನೋಡುವಂತಿಲ್ಲ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಆಕೃತಿಯೊಂದರ ಮೇಲೆ ಗೆರೆ ಎಳೆಯಬೇಕು. ಮೊದಮೊದಲು ಕೈ ತಪ್ಪುದಾರಿಗೆ ಹೊರಳುತ್ತದೆ. ಕ್ರಮೇಣ ಮನಸ್ಸು ಅದನ್ನು ತಿದ್ದಿಕೊಳ್ಳುತ್ತದೆ. ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು ಮನಸ್ಸು ಹಾಗೆಯೇ ಸ್ವೀಕರಿಸದೆ ತನ್ನದೇ ರೀತಿಯಲ್ಲಿ ರೂಪಿಸಿಕೊಳ್ಳುತ್ತದೆ ಎಂಬುದು ಅವರು ಆರಿಸಿಕೊಂಡ ಶಾಸ್ತ್ರದ ಮೂಲಪಾಠಗಳಲ್ಲಿ ಒಂದು.

ಇಲ್ಲಿ ಸ್ವಾರಸ್ಯಕರವಾದ ಒಂದು ಸಂಗತಿಯನ್ನು ನೆನೆಯಬಹುದು. ಗೋಪಾಲಸ್ವಾಮಿಯವರು ಮನಃಶಾಸ್ತ್ರವನ್ನು ಓದಿದ ಆ ಕಾಲೇಜಿನಲ್ಲಿಯೇ ವಿದ್ಯುತ್ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಜಾನ್ ಆಂಬ್ರೋಸ್ ಫ್ಲೆಮಿಂಗ್. 1904ರಲ್ಲಿ ಅವರು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ನಿರ್ವಾತ ನಳಿಗೆಯನ್ನು ಕಂಡುಹಿಡಿದಿದ್ದರು. ಒಂದೇ ದಿಕ್ಕಿಗೆ ತೆರೆಯುವ ಕವಾಟದಂತೆ ಕೆಲಸಮಾಡುವುದರಿಂದ ಅದಕ್ಕೆ ವಾಲ್ವು ಎಂಬ ಹೆಸರು ಬಂದಿತು. ಮುಂದೆ ಗೋಪಾಲಸ್ವಾಮಿಯವರ ಜೀವನದ ಬಹು ದೊಡ್ಡ ಸಾಹಸಕ್ಕೆ ಆಧಾರವಾದುದು ಈ ವಾಲ್ವಿನಿಂದ ಬೆಳೆದುಬಂದ ವಿದ್ಯೆಯೇ ಆಗಿದೆ.

ಆಗ ಮೈಸೂರು ವಿಶ್ವವಿದ್ಯಾನಿಲಯವು ಇನ್ನೂ ಎಳೆಯ ಸಂಸ್ಥೆ. 1916ರಲ್ಲಿ ಸ್ಥಾಪನೆಗೊಂಡ ಅದಕ್ಕೆ 1921ರಿಂದ ತತ್ತ್ವಜ್ಞ ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದರು. 1924ರಲ್ಲಿ ಅಲ್ಲಿ ಮನಃಶಾಸ್ತ್ರದ ವಿಭಾಗವು ಆರಂಭವಾಯಿತು. ಭಾರತದಲ್ಲಿ ಕಲ್ಕತ್ತೆಯ ಅನಂತರ ಈ ಶಾಸ್ತ್ರಕ್ಕೆಂದೇ ಏರ್ಪಟ್ಟ ಎರಡನೆಯ ವಿಭಾಗ ಅದು. ಅದರ ಹೊಣೆ ಗೋಪಾಲಸ್ವಾಮಿಯವರದಾಯಿತು. ಮಹಾರಾಜಾ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾಗಿ ಪಾಠ ಹೇಳಿದರು. ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗದಿಂದ ಪರೀಕ್ಷಿಸುವ ಪದ್ಧತಿಯನ್ನು ವಿದ್ಯಾರ್ಥಿಗಳಿಗೆ ಕಲಿಸಿಕೊಟ್ಟರು. ಮುಂದೆ ಆ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಇಷ್ಟರಲ್ಲಿಯೇ ತೃಪ್ತರಾಗಿದ್ದರೆ ಅವರು ಒಬ್ಬ ಒಳ್ಳೆಯ ಅಧ್ಯಾಪಕರೆಂದು ಹೆಸರಾಗಿ ಉಳಿಯುತ್ತಿದ್ದರು. ಆದರೆ ತರಗತಿಯ ನಾಲ್ಕು ಗೋಡೆಗಳ ನಡುವೆ ಹೇಳಿದ ಪಾಠ ಎಷ್ಟು ಜನರಿಗೆ ತಲುಪೀತು? ಕಾಲೇಜಿನ ಮೆಟ್ಟಿಲನ್ನೇ ಹತ್ತಲಾರದವರ ಪಾಡೇನು? ಈ ಪ್ರಶ್ನೆಗಳಿಗೆ ಬಾನುಲಿಯಲ್ಲಿ ಉತ್ತರವಿದ್ದಿತು.

ಆ ದಿನಗಳಲ್ಲಿ ಭಾರತದ ಬಾನುಲಿಯ ಸ್ಥಿತಿ ಆಶಾದಾಯಕವಾಗಿರಲಿಲ್ಲ. 1923ರಿಂದ ಮುಂಬಯಿ, ಕಲ್ಕತ್ತೆ, ಮದರಾಸುಗಳಲ್ಲಿ ಹವ್ಯಾಸಿಗಳು ರೇಡಿಯೋ ಕ್ಲಬ್ಬುಗಳನ್ನು ಕಟ್ಟಿಕೊಂಡು ಪ್ರಸಾರ ನಡೆಸಿದ್ದರು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಎಂಬ ಖಾಸಗಿ ಸಂಸ್ಥೆಯು ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಕೇಂದ್ರಗಳನ್ನು ತೆರೆಯಿತು. ಕೇಳುವವರ ಸಂಖ್ಯೆ ಸಾಲದೆ, ವೆಚ್ಚವನ್ನು ಭರಿಸಲಾರದೆ 1930ರಲ್ಲಿ ಆ ಕಂಪೆನಿಯು ಬಾಗಿಲು ಹಾಕಬೇಕಾಯಿತು. ಬಂಡವಾಳವನ್ನು ಹೂಡಿದ್ದ ಕಂಪೆನಿಯೇ ಮೂರು ವರ್ಷಗಳಲ್ಲಿ ಸೋತಿರುವಾಗ, ಸಂಬಳದಿಂದ ಜೀವನ ನಡೆಸುವ ಒಬ್ಬ ಪ್ರಾಧ್ಯಾಪಕನು ಬಾನುಲಿ ಕೇಂದ್ರವನ್ನು ಕಟ್ಟುವುದೆಂದರೇನು? ಲೋಕದ ದೃಷ್ಟಿಯಲ್ಲಿ ಅದು ವಿವೇಕದ ಮಾತಾಗಿರಲಿಲ್ಲ. ಆದರೂ ಗೋಪಾಲಸ್ವಾಮಿಯವರು ಹಿಂಜರಿಯಲಿಲ್ಲ.

1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಅವರ ಮನೆಯಾದ ವಿಠಲ ವಿಹಾರದಿಂದ ಪ್ರಸಾರ ಆರಂಭವಾಯಿತು. ಅವರ ಬಳಿ ಇದ್ದ ಪ್ರೇಷಕದ ಶಕ್ತಿ ಕೇವಲ 30 ವಾಟ್. ಮನೆಯ ಕೋಣೆಯೊಂದನ್ನು ಬೆಳಗುತ್ತಿದ್ದ ಹಳೆಯ ಕಾಲದ 40 ವಾಟ್ ದೀಪಕ್ಕಿಂತಲೂ ಇದು ಕಡಿಮೆ. ಅಷ್ಟು ಅಲ್ಪಶಕ್ತಿಯ ಯಂತ್ರವು ಮನುಷ್ಯನ ಮಾತನ್ನೂ ಗಾನವನ್ನೂ ಬಾನಿಗೆ ಏರಿಸಿತು. ಆ ಕೇಂದ್ರಕ್ಕೆ ಆಕಾಶವಾಣಿ ಎಂಬ ಅರ್ಥಪೂರ್ಣವಾದ ಹೆಸರಾಯಿತು. ದೆಹಲಿಯಲ್ಲಿ ಬಾನುಲಿ ಕೇಂದ್ರವು ತೆರೆದುದು 1936ರ ಜನವರಿ 1ರಂದು. ಸರ್ಕಾರದ ಪ್ರಸಾರಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದುದು ಅದೇ ವರ್ಷ ಜೂನ್ 8ರಂದು. ಇವೆರಡಕ್ಕೂ ಮೊದಲೇ ಮೈಸೂರಿನ ಒಂದು ಮನೆಯಿಂದ ಆಕಾಶವಾಣಿಯು ಮಾತನಾಡತೊಡಗಿತ್ತು ಎಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ವಿಷಯ.

ಆ ಪ್ರೇಷಕದ ಜೀವಾಳವೆಂದರೆ ನಿರ್ವಾತ ನಳಿಗೆಗಳು. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ತೆಳುವಾದ ತಂತಿಯೊಂದಿರುತ್ತದೆ. ವಿದ್ಯುತ್ತು ಹರಿದು ಅದು ಕಾದಾಗ ಎಲೆಕ್ಟ್ರಾನುಗಳು ಹೊರಹೊಮ್ಮಿ ಎದುರಿನ ಲೋಹದ ಫಲಕದ ಕಡೆಗೆ ಧಾವಿಸುತ್ತವೆ. ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವರು 1906ರಲ್ಲಿ ಇವೆರಡರ ನಡುವೆ ಮೂರನೆಯದೊಂದು ಲೋಹದ ತುಣುಕನ್ನು ಇರಿಸಿದರು; ಅದು ಜಾಲರಿಯ ರೂಪವನ್ನು ತಾಳಿತು. ಕಾಲುವೆಯ ತೂಬನ್ನು ನೆನೆಯಿರಿ. ತೂಬಿನ ಹಲಗೆಯನ್ನು ಸ್ವಲ್ಪವೇ ಎತ್ತಿ ಇಳಿಸುವುದರಿಂದ ನೀರಿನ ದೊಡ್ಡ ಹರಿವನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಅದರಂತೆಯೇ ಜಾಲರಿಗೆ ಕೊಟ್ಟ ಅತಿ ಸಣ್ಣ ವಿದ್ಯುತ್ ಸ್ಪಂದನವು ನಳಿಗೆಯೊಳಗಿನ ದೊಡ್ಡ ಪ್ರವಾಹವನ್ನು ತನ್ನ ಇಚ್ಛೆಯಂತೆ ಆಡಿಸುತ್ತದೆ. ಕ್ಷೀಣವಾದ ದನಿ ಪ್ರಬಲವಾಗುವುದು ಹೀಗೆ. ಪ್ರಸಾರ ಮಾಡುವ ಯಂತ್ರದಲ್ಲಿಯೂ ಕೇಳುಗರ ಮನೆಯ ಗ್ರಾಹಕದಲ್ಲಿಯೂ ಈ ನಳಿಗೆಗಳೇ ಕೆಲಸ ಮಾಡುತ್ತಿದ್ದವು.

ಕೇಂದ್ರವನ್ನು ಆರಂಭಿಸುವುದಕ್ಕಿಂತ ಅದನ್ನು ದಿನದಿನವೂ ನಡೆಸುವುದು ಕಷ್ಟತರವಾದ ಕೆಲಸ. ವಿದ್ವಾಂಸರನ್ನು ಕರೆತಂದು ಭಾಷಣ ಮಾಡಿಸಬೇಕು. ಸಂಗೀತಗಾರರನ್ನು ಒಲಿಸಿ ಹಾಡಿಸಬೇಕು. ಕಾದು ಸವೆದ ನಳಿಗೆಗಳನ್ನು ಬದಲಾಯಿಸಬೇಕು. ಗೋಪಾಲಸ್ವಾಮಿಯವರು ಕಾಲೇಜಿನ ಕರ್ತವ್ಯಕ್ಕೆ ಲೋಪ ಬಾರದಂತೆ ಈ ಭಾರವನ್ನೂ ಹೊತ್ತರು. ತಮ್ಮ ಹಣವನ್ನು ವೆಚ್ಚಮಾಡಿದರು. ಸಾರ್ವಜನಿಕರೂ ಮೈಸೂರಿನ ನಗರಸಭೆಯೂ ನೆರವಿನ ಕೈ ನೀಡಿದರು. ಹಾಸ್ಯ ಸಾಹಿತಿಗಳೂ ಅಧ್ಯಾಪಕರೂ ಆಗಿದ್ದ ನಾ. ಕಸ್ತೂರಿಯವರು ಈ ಕೇಂದ್ರದ ಕೆಲಸದಲ್ಲಿ ಕೈಜೋಡಿಸಿದ ಪ್ರಮುಖರಲ್ಲಿ ಒಬ್ಬರು. ಹೀಗೆ ಸುಮಾರು ಆರು ವರ್ಷಗಳ ಕಾಲ ಆಕಾಶವಾಣಿಯು ಖಾಸಗಿ ಪ್ರಯತ್ನವಾಗಿಯೇ ಉಳಿದು ಬೆಳೆಯಿತು. ಪ್ರೇಷಕದ ಶಕ್ತಿಯೂ 30 ವಾಟ್‌ಗಳಿಂದ 250 ವಾಟ್‌ಗಳಿಗೆ ಏರಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಕೇಂದ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮನೆಯಲ್ಲಿ ಹುಟ್ಟಿದ ಕೂಸು ನಾಡಿನ ಸ್ವತ್ತಾಯಿತು.

ಅಂದಿನ ಕೇಳುಗರ ಮನೆಗಳಲ್ಲಿದ್ದ ರೇಡಿಯೋ ಇಂದಿನ ಮಕ್ಕಳು ಬಲ್ಲ ಪುಟ್ಟ ವಸ್ತುವಾಗಿರಲಿಲ್ಲ. ಅದು ಮೆರುಗು ಕೊಟ್ಟ ಮರದ ದೊಡ್ಡ ಪೆಟ್ಟಿಗೆ. ಮುಂಭಾಗದಲ್ಲಿ ನೇಯ್ಗೆಯ ಬಟ್ಟೆ, ಅದರ ಹಿಂದೆ ಅಗಲವಾದ ಧ್ವನಿವರ್ಧಕ, ಕೆಳಗೆ ಊರುಗಳ ಹೆಸರನ್ನು ಬರೆದ ಗಾಜಿನ ಫಲಕ. ಗುಂಡಿಯನ್ನು ತಿರುಗಿಸಿದೊಡನೆ ಅದು ಮಾತನಾಡುತ್ತಿರಲಿಲ್ಲ. ಮೊದಲು ಫಲಕದ ಹಿಂದಿನ ದೀಪ ಹೊತ್ತುವುದು. ಒಳಗಿನ ನಳಿಗೆಗಳು ನಸುಗೆಂಪಾಗಿ ಬೆಳಗುವವು. ಅರ್ಧ ನಿಮಿಷದಷ್ಟು ಹೊತ್ತು ಕಳೆದ ಮೇಲೆ ದೂರದಿಂದ ನಡೆದು ಬಂದಂತೆ ದನಿ ಮೆಲ್ಲಮೆಲ್ಲನೆ ಮೇಲೇಳುವುದು. ನಳಿಗೆಯ ತಂತಿ ಕಾದಲ್ಲದೆ ಎಲೆಕ್ಟ್ರಾನು ಹೊಮ್ಮದಿರುವುದೇ ಈ ವಿಳಂಬಕ್ಕೆ ಕಾರಣ. ರೇಡಿಯೋ ಇದ್ದ ಮನೆಗೆ ನೆರೆಹೊರೆಯವರೂ ಬಂದು ನೆರೆಯುತ್ತಿದ್ದರು. ಹಾಡುವವರ ಮುಂದೆ ಕುಳಿತಷ್ಟೇ ಭಕ್ತಿಯಿಂದ ಆ ಪೆಟ್ಟಿಗೆಯ ಮುಂದೆ ಕುಳಿತು ಕೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ದೇಶದ ವ್ಯವಸ್ಥೆ ಬದಲಾಯಿತು. 1950ರ ಏಪ್ರಿಲ್ 1ರಂದು ಮೈಸೂರಿನ ಆಕಾಶವಾಣಿಯು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು. 1955ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊಸ ಕೇಂದ್ರವು ಆರಂಭವಾದಾಗ ಮೈಸೂರಿನ ಪ್ರಸಾರವು ಅಲ್ಲಿಗೆ ವರ್ಗವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಹೊತ್ತಿಸಿದ ದೀಪವು ಅವರ ಊರಿನಲ್ಲಿಯೇ ಇಲ್ಲವಾಯಿತು. ಇದಾದ ಎರಡು ವರ್ಷಗಳಿಗೆ, 1957ರಲ್ಲಿ, ಅವರು ಕಾಲವಶರಾದರು. ಮೈಸೂರಿಗೆ ಬಾನುಲಿ ಕೇಂದ್ರವು ಮರಳಿ ಬಂದುದು 1974ರಲ್ಲಿ. ಅದನ್ನು ಕಾಣಲು ಅವರು ಉಳಿದಿರಲಿಲ್ಲ. ಆದರೆ ಅವರ ಕೇಂದ್ರದ ಹೆಸರು ಅಳಿಯಲಿಲ್ಲ. 1950ರ ದಶಕದ ಉತ್ತರಾರ್ಧದಲ್ಲಿ ಭಾರತದ ಬಾನುಲಿಯು ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದೇ ಬಳಸುವ ನಿರ್ಧಾರವೂ ಆಯಿತು.

ಗೋಪಾಲಸ್ವಾಮಿಯವರ ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ ದೂರದ ದೇಶವೊಂದರಲ್ಲಿ ಮತ್ತೊಂದು ಮಹತ್ತ್ವದ ಘಟನೆ ನಡೆದಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಎಂಬ ವಿಜ್ಞಾನಿಗಳು ಜರ್ಮೇನಿಯಂ ಎಂಬ ಧಾತುವಿನ ಸಣ್ಣ ಹರಳಿನಿಂದ ನಳಿಗೆಯ ಕೆಲಸವನ್ನು ಮಾಡಿಸಿದರು. ಅವರ ತಂಡದ ಮುಖ್ಯಸ್ಥರಾಗಿದ್ದ ವಿಲಿಯಂ ಶಾಕ್ಲಿಯವರು ಅದನ್ನು ಇನ್ನಷ್ಟು ಮುಂದುವರಿಸಿದರು. ಈ ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಕಂಡುಹಿಡಿದ ಸಾಧನವೇ ಟ್ರಾನ್ಸಿಸ್ಟರ್. ಇದಕ್ಕೆ ಗಾಜಿನ ಬುರುಡೆ ಬೇಕಿಲ್ಲ, ನಿರ್ವಾತ ಬೇಕಿಲ್ಲ, ಕಾಯುವ ತಂತಿಯೂ ಬೇಕಿಲ್ಲ. 1954ರಲ್ಲಿ ಅಮೆರಿಕದಲ್ಲಿ ಟ್ರಾನ್ಸಿಸ್ಟರಿನ ಕಿಸೆ ರೇಡಿಯೋ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ನಾಲ್ಕೇ ಟ್ರಾನ್ಸಿಸ್ಟರುಗಳು. ಮುಂದಿನ ಕೆಲವೇ ವರ್ಷಗಳಲ್ಲಿ ಈ ಅಲೆ ಭಾರತವನ್ನೂ ಮುಟ್ಟಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ರೇಡಿಯೋ ನಳಿಗೆಗಳನ್ನೂ ಜರ್ಮೇನಿಯಂ ಸಾಧನಗಳನ್ನೂ ತಯಾರಿಸತೊಡಗಿತು. ಹೀಗೆ ಹಳೆಯದು, ಹೊಸದು ಎರಡೂ ಕನ್ನಡನಾಡಿನ ಒಂದೇ ಕಾರ್ಖಾನೆಯಲ್ಲಿ ಸಿದ್ಧವಾದವು.

ಹೊಸ ರೇಡಿಯೋ ಬಂದಾಗ ಹಳೆಯ ಕೇಳುಗರು ಒಂದು ವ್ಯತ್ಯಾಸವನ್ನು ಗುರುತಿಸಿದರು. ವಾಲ್ವಿನ ರೇಡಿಯೋದ ದನಿ ತುಂಬಿದ ದನಿ, ಮೃದುವಾದ ದನಿ. ಟ್ರಾನ್ಸಿಸ್ಟರಿನ ದನಿ ತೆಳು, ತುಸು ಒರಟು ಎಂದು ಅವರಿಗೆ ತೋರಿತು. ಇದು ಕೇವಲ ಹಳೆಯದರ ಮೇಲಿನ ಮೋಹವೇ? ಅಲ್ಲ, ಇದಕ್ಕೆ ಭೌತಶಾಸ್ತ್ರದ ಆಧಾರವೂ ಉಂಟು. ಯಾವ ವರ್ಧಕವೂ ತನಗೆ ಬಂದ ದನಿಯನ್ನು ಇದ್ದದ್ದು ಇದ್ದಂತೆ ಹಿಗ್ಗಿಸಲಾರದು. ತನ್ನದೊಂದಿಷ್ಟನ್ನು ಅದಕ್ಕೆ ಬೆರೆಸಿಯೇ ತೀರುತ್ತದೆ. ಹೀಗೆ ಬೆರೆಯುವ ಅಂಶಗಳನ್ನು ಉಪಸ್ವರಗಳು ಎನ್ನಬಹುದು. ಅವು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಸ್ವರಗಳು. ಷಡ್ಜದ ಎರಡರಷ್ಟು ಕಂಪನವುಳ್ಳದ್ದು ಮೇಲಿನ ಸ್ಥಾಯಿಯ ಷಡ್ಜ. ಮೂರರಷ್ಟುಳ್ಳದ್ದು ಆ ಸ್ಥಾಯಿಯ ಪಂಚಮ. ತಂಬೂರಿಯನ್ನು ಮೀಟಿದಾಗಲೂ ಇವು ಮೂಲಸ್ವರದೊಡನೆ ತಾವಾಗಿಯೇ ಕೇಳಿಸುತ್ತವೆ. ಆದುದರಿಂದ ಇವು ಸ್ವಲ್ಪ ಬೆರೆತರೂ ಕಿವಿಗೆ ಹಿತವಾಗಿ, ದನಿ ತುಂಬಿಕೊಂಡಂತೆ ಅನ್ನಿಸುತ್ತದೆ. ಏಳನೆಯದರಂತಹ ಉಪಸ್ವರಗಳಾದರೋ ನಮ್ಮ ಸ್ವರಸ್ಥಾನಗಳಿಗೆ ಸರಿಯಾಗಿ ಹೊಂದುವುದಿಲ್ಲ. ಅವು ಅತಿ ಸ್ವಲ್ಪ ಬೆರೆತರೂ ದನಿ ಕರ್ಕಶವಾಗುತ್ತದೆ.

ಮನೆಗಳಲ್ಲಿದ್ದ ಬಹುಪಾಲು ವಾಲ್ವ್ ರೇಡಿಯೋಗಳಲ್ಲಿ ಧ್ವನಿವರ್ಧಕವನ್ನು ನಡೆಸುತ್ತಿದ್ದುದು ಒಂದೇ ನಳಿಗೆ. ಅದು ಬೆರೆಸುತ್ತಿದ್ದುದು ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಉಪಸ್ವರಗಳನ್ನು. ಗಾಯಕನು ಸ್ವರವನ್ನು ಏರಿಸಿ ನಳಿಗೆಯ ಶಕ್ತಿ ಮೀರತೊಡಗಿದಾಗಲೂ ಅದು ತಟ್ಟನೆ ಸೋಲುತ್ತಿರಲಿಲ್ಲ; ದನಿಯ ಅಲೆಯ ನೆತ್ತಿಯನ್ನು ಮೆಲ್ಲನೆ ದುಂಡಗೆ ಮಾಡುತ್ತಿತ್ತು. ಮೊದಮೊದಲ ಟ್ರಾನ್ಸಿಸ್ಟರ್ ರೇಡಿಯೋಗಳ ಕ್ರಮವೇ ಬೇರೆ. ಬ್ಯಾಟರಿಯನ್ನು ಉಳಿಸುವುದಕ್ಕಾಗಿ ಅವುಗಳಲ್ಲಿ ಎರಡು ಟ್ರಾನ್ಸಿಸ್ಟರುಗಳು ಸರದಿಯಂತೆ ಕೆಲಸ ಮಾಡುತ್ತಿದ್ದವು. ಅಲೆಯ ಮೇಲರ್ಧ ಒಂದರ ಪಾಲು, ಕೆಳಗಿನ ಅರ್ಧ ಮತ್ತೊಂದರ ಪಾಲು. ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟುವ ಸಂದಿಯಲ್ಲಿ ಅಲೆಯು ಸ್ವಲ್ಪ ಮುರಿಯುತ್ತಿತ್ತು. ಮೆಲುದನಿಯಲ್ಲಿ ಈ ದೋಷವು ಎದ್ದು ಕೇಳಿಸುತ್ತಿತ್ತು. ದನಿಯನ್ನು ಏರಿಸಿದರೆ, ಆರು ಅಥವಾ ಒಂಬತ್ತು ವೋಲ್ಟಿನ ಬ್ಯಾಟರಿಯ ಮಿತಿಯನ್ನು ಮುಟ್ಟಿದೊಡನೆ, ಅಲೆಯ ನೆತ್ತಿಯು ಕತ್ತಿಯಿಂದ ಕೊಯ್ದಂತೆ ಚಪ್ಪಟೆಯಾಗುತ್ತಿತ್ತು. ಹಾಗೆ ಕೊಯ್ದ ಅಲೆಯಲ್ಲಿ ಕಿವಿಗೆ ಒಗ್ಗದ ಮೇಲಿನ ಉಪಸ್ವರಗಳೇ ಹೆಚ್ಚು.

ಆದರೆ ವ್ಯತ್ಯಾಸದ ಬಹುಭಾಗವು ನಳಿಗೆಯಲ್ಲಿಯೂ ಹರಳಿನಲ್ಲಿಯೂ ಇರಲಿಲ್ಲ, ಪೆಟ್ಟಿಗೆಯಲ್ಲಿ ಇದ್ದಿತು. ವಾಲ್ವ್ ರೇಡಿಯೋಗಳ ಧ್ವನಿವರ್ಧಕವು ಗೇಣಗಲ ಇರುತ್ತಿತ್ತು. ಅದನ್ನು ಹೊತ್ತ ಮರದ ಪೆಟ್ಟಿಗೆಯು ವಿಶಾಲವಾಗಿರುತ್ತಿತ್ತು. ಕೆಳಸ್ಥಾಯಿಯ ಸ್ವರಗಳನ್ನು ಹೊರಡಿಸಲು ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಅಗಲವಾದ ಧ್ವನಿವರ್ಧಕಕ್ಕೆ ಇದು ಸುಲಭ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದ ಪುಟ್ಟ ಧ್ವನಿವರ್ಧಕಕ್ಕೆ ಇದು ಅಸಾಧ್ಯ. ವಾಲ್ವಿನ ರೇಡಿಯೋ ಮೂರು ನಾಲ್ಕು ವಾಟ್‌ಗಳ ಶಕ್ತಿಯಿಂದ ಹಾಡಿದರೆ ಕಿಸೆ ರೇಡಿಯೋ ಒಂದು ವಾಟಿನ ಸಣ್ಣ ಭಾಗದಷ್ಟು ಶಕ್ತಿಯಿಂದ ಹಾಡಬೇಕಾಗಿತ್ತು. ಮದ್ದಳೆಯ ಗುಮುಕನ್ನು ಕೈಚಿಟಿಕೆಯಿಂದ ಹೊರಡಿಸಲಾದೀತೇ? ಅಗಲವಾದ ಧ್ವನಿವರ್ಧಕವನ್ನೂ ಮರದ ಪೆಟ್ಟಿಗೆಯನ್ನೂ ಕೊಟ್ಟು ಚೆನ್ನಾಗಿ ನಿರ್ಮಿಸಿದಾಗ ಟ್ರಾನ್ಸಿಸ್ಟರ್ ರೇಡಿಯೋದ ದನಿಯೂ ತುಂಬಿಕೊಂಡಿತು. ವರ್ಷಗಳು ಕಳೆದಂತೆ ಮೊದಲಿನ ದೋಷಗಳನ್ನು ಎಂಜಿನಿಯರರು ಒಂದೊಂದಾಗಿ ನೀಗಿಸಿದರು.

ಇವೆಲ್ಲದರ ಜೊತೆಗೆ ಗೋಪಾಲಸ್ವಾಮಿಯವರ ಶಾಸ್ತ್ರವು ತಿಳಿಸುವ ಇನ್ನೊಂದು ಕಾರಣವಿದೆ. ಕಿವಿ ಕೇಳುವುದು ದನಿಯನ್ನು. ಅದಕ್ಕೆ ಸೊಗಸನ್ನು ಕಟ್ಟುವುದು ಮನಸ್ಸು. ಮಂದಬೆಳಕಿನ ಪಡಸಾಲೆ, ನಳಿಗೆಗಳ ಬೆಚ್ಚನೆಯ ಹೊಳಪು, ದನಿ ಬರುವವರೆಗಿನ ಆ ಕಾತರ, ಸುತ್ತ ಕುಳಿತ ಹಿರಿಯರು, ನೆರೆಯವರು—ಇವೆಲ್ಲವೂ ಕೇಳಿದ ಹಾಡಿನೊಡನೆ ಸೇರಿ ನೆನಪಿನಲ್ಲಿ ಉಳಿಯುತ್ತವೆ. ಎರಡು ರೇಡಿಯೋಗಳ ದನಿಯನ್ನು ನಿಜವಾಗಿ ಹೋಲಿಸಬೇಕಾದರೆ ಎರಡರ ದನಿಯೂ ಒಂದೇ ಎತ್ತರದಲ್ಲಿರಬೇಕು. ಯಾವುದು ಹಾಡುತ್ತಿದೆ ಎಂಬುದು ಕೇಳುವವನಿಗೆ ಗೊತ್ತಿರಬಾರದು. ಏಕೆಂದರೆ ತುಸುವೇ ಜೋರಾದ ದನಿಯನ್ನು ಕಿವಿ ಉತ್ತಮವಾದ ದನಿಯೆಂದು ತಿಳಿಯುವುದುಂಟು. ಕಣ್ಣು ಮೆಚ್ಚಿದ್ದನ್ನು ಕಿವಿಯೂ ಮೆಚ್ಚುವುದುಂಟು. ಹೀಗೆ ಪರೀಕ್ಷಿಸಿದಾಗ ಕೆಲವು ವ್ಯತ್ಯಾಸಗಳು ಉಳಿಯುತ್ತವೆ, ಕೆಲವು ಕರಗಿಹೋಗುತ್ತವೆ. ಉಳಿಯುವುದು ಭೌತಶಾಸ್ತ್ರಕ್ಕೆ ಸೇರಿದ್ದು, ಕರಗುವುದು ಮನಃಶಾಸ್ತ್ರಕ್ಕೆ ಸೇರಿದ್ದು. ಎರಡೂ ಸತ್ಯವೇ.

ಈಗ ಮತ್ತೆ ಕೊಣ್ಣೂರಿನ ಸೀಮೆಗೆ ಬರೋಣ. 1935ರಲ್ಲಿ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮೈಸೂರಿನ 30 ವಾಟ್‌ಗಳ ದನಿಯು ಮಲಪ್ರಭೆಯ ದಂಡೆಯನ್ನು ಮುಟ್ಟುವಷ್ಟು ಬಲವುಳ್ಳದ್ದಾಗಿರಲಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಬಾನುಲಿ ಕೇಂದ್ರವು ಆರಂಭವಾದ ಮೇಲೆ ಉತ್ತರದ ಕನ್ನಡಿಗರಿಗೂ ತಮ್ಮದೇ ಆದ ಬಾನುಲಿ ದೊರೆಯಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಮೊದಲಾದವರ ಗಾಯನವು ಅಲ್ಲಿಂದ ಪ್ರಸಾರವಾಯಿತು. ವರಕವಿ ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಆದರೆ ಕೇಂದ್ರವಿದ್ದರೆ ಸಾಲದು. ಕೇಳುವ ಸಾಧನವೂ ಬೇಕು. ವಿದ್ಯುತ್ತು ಬಾರದಿದ್ದ ಹಳ್ಳಿಗಳಲ್ಲಿ ವಾಲ್ವಿನ ರೇಡಿಯೋವನ್ನು ನಡೆಸುವುದೆಂದರೆ ಸಾಹಸವೇ ಸರಿ. ನಳಿಗೆಯ ತಂತಿಯನ್ನು ಕಾಯಿಸಲು ಒಂದು ಬ್ಯಾಟರಿ, ಫಲಕಕ್ಕೆ ಹೆಚ್ಚಿನ ವೋಲ್ಟುಗಳನ್ನು ಒದಗಿಸಲು ಇನ್ನೊಂದು ದುಬಾರಿ ಬ್ಯಾಟರಿ. ಚಾರ್ಜು ಇಳಿದ ಬ್ಯಾಟರಿಯನ್ನು ಪಟ್ಟಣಕ್ಕೆ ಹೊತ್ತೊಯ್ದು ತುಂಬಿಸಿಕೊಂಡು ಬರಬೇಕು. ಇದು ಉಳ್ಳವರಿಗಷ್ಟೇ ಸಾಧ್ಯವಾದ ಮಾತಾಗಿತ್ತು. ಆ ಇಂಪಾದ ದನಿಯ ಬಳಿ ಬಡವನಿಗೆ ಎಡೆಯಿರಲಿಲ್ಲ.

ಆ ಕೊರತೆಯನ್ನು ನೀಗಿದುದು ತೆಳುದನಿಯ ಟ್ರಾನ್ಸಿಸ್ಟರ್. ಕೈಬ್ಯಾಟರಿಗೆ ಹಾಕುವಂತಹ ಕೆಲವು ಸೆಲ್ಲುಗಳಿದ್ದರೆ ಅದು ವಾರಗಟ್ಟಲೆ ಹಾಡುತ್ತಿತ್ತು. ಅದಕ್ಕೆ ಕಂಬದಿಂದ ಕಂಬಕ್ಕೆ ಕಟ್ಟಿದ ಏರಿಯಲ್ ತಂತಿಯೂ ಬೇಕಿರಲಿಲ್ಲ. ನರಗುಂದ, ರೋಣಗಳ ಎರೆಹೊಲಗಳಲ್ಲಿ ಜೋಳ, ಹತ್ತಿ ಬೆಳೆಯುವ ರೈತರು ಅದನ್ನು ಹೆಗಲಿಗೆ ತೂಗುಹಾಕಿಕೊಂಡು ಹೊಲಕ್ಕೆ ಒಯ್ಯುವಂತಾಯಿತು. ಮಳೆಯ ಸೂಚನೆ, ಪೇಟೆಯ ಧಾರಣೆ, ಬೀಜ ಗೊಬ್ಬರಗಳ ತಿಳಿವಳಿಕೆ ಅವರ ಬದುವಿನ ಮೇಲೆಯೇ ಕೇಳಿಬಂದವು. ಓದು ಬಾರದವರೂ ನಾಡಿನ ಸುದ್ದಿಯನ್ನು ತಿಳಿದರು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ತಾಯಂದಿರೂ ದೊಡ್ಡ ಗಾಯಕರ ಹಾಡನ್ನು ಕೇಳಿದರು. ಅಂದು ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರು ತಮ್ಮ ಮನೆಯಲ್ಲಿ ಪ್ರೇಷಕವನ್ನು ಹೂಡಿದುದರ ಫಲ ಪೂರ್ಣವಾಗಿ ಕೈಗೂಡಿದುದು ಹೀಗೆ, ಅವರು ಕಣ್ಮುಚ್ಚಿದ ಮೇಲೆ.

ವಾಲ್ವಿನ ದನಿ ಇಂಪಾಗಿತ್ತೆಂದು ಮೆಚ್ಚುವವರು ಮೆಚ್ಚಲಿ, ಅದರಲ್ಲಿ ತಪ್ಪಿಲ್ಲ. ಹಳೆಯ ಪೆಟ್ಟಿಗೆಗಳನ್ನು ಒರೆಸಿ, ಸರಿಪಡಿಸಿ, ಅವುಗಳ ದನಿಯನ್ನು ಉಳಿಸಿಕೊಂಡಿರುವವರು ನಮ್ಮ ಕೃತಜ್ಞತೆಗೆ ಪಾತ್ರರು. ಆದರೆ ದನಿಗೆ ಇಂಪು ಒಂದು ಗುಣವಾದರೆ, ಹೆಚ್ಚು ಜನರನ್ನು ಮುಟ್ಟುವುದು ಅದಕ್ಕಿಂತಲೂ ಮಿಗಿಲಾದ ಗುಣ. ಗೋಪಾಲಸ್ವಾಮಿಯವರು ದೊಡ್ಡ ಯಂತ್ರ ಬರಲೆಂದು ಕಾಯಲಿಲ್ಲ. ಸರ್ಕಾರದ ಅಪ್ಪಣೆಯಾಗಲೆಂದು ಕೈಕಟ್ಟಿ ಕೂರಲಿಲ್ಲ. ಕೈಗೆ ದೊರೆತ 30 ವಾಟ್‌ಗಳಲ್ಲಿಯೇ ಕೆಲಸವನ್ನು ಆರಂಭಿಸಿದರು. ಅವರು ಬಳಸಿದ ನಳಿಗೆಗಳು ಆರಿಹೋಗಿವೆ. ವಿಠಲ ವಿಹಾರದಿಂದ ಹೊರಟ ಅಲೆಗಳು ಬಾನಿನಲ್ಲಿ ಲೀನವಾಗಿವೆ. ಕೊಣ್ಣೂರಿನ ಕಲ್ಲಿನ ಮೇಲಿನ ಅಕ್ಷರದಂತೆ ಅವರ ಮಾತು ಎಲ್ಲಿಯೂ ಕೆತ್ತಿಟ್ಟಿಲ್ಲ. ಆದರೂ ದೇಶದ ಯಾವ ಮೂಲೆಯಲ್ಲಿಯಾಗಲಿ ಆಕಾಶವಾಣಿ ಎಂಬ ಹೆಸರು ಕೇಳಿಬಂದಾಗ, ತಮಗಿದ್ದುದನ್ನೆಲ್ಲ ಇತರರ ಕಿವಿಗೆ ತಲುಪಿಸಲು ಹಂಬಲಿಸಿದ ಆ ಅಧ್ಯಾಪಕರ ನೆನಪು ಅದರೊಡನೆ ಬೆರೆತಿರುತ್ತದೆ.